ಕಾಫಿ ಕಣದ ಕಾಂಕ್ರೀಟ್ ದುರಸ್ತಿ: ಮಳೆಗಾಲದಲ್ಲಿ ಯೋಜನೆ, ಬಿಸಿಲಿನಲ್ಲಿ ಕೆಲಸ

ಕೊಡಗಿನ ತೋಟದ ಮನೆಗಳಲ್ಲಿ ಕಾಫಿ ಕಣಕ್ಕೆ, ಅಂದರೆ ಕಾಫಿ ಒಣಗಿಸುವ ಕಾಂಕ್ರೀಟ್ ಅಂಗಳಕ್ಕೆ, ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ ಕೆಲಸ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ, ರೊಬಸ್ಟಾ ಒಣಗಿ ಕರಿಮೆಣಸು ಮೂಟೆ ಸೇರುವವರೆಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ; ಉಳಿದ ತಿಂಗಳುಗಳಲ್ಲಿ ಅದು ಪಾಚಿ ಹಿಡಿದು ಬಿದ್ದಿರುತ್ತದೆ. ಹೀಗಾಗಿ ಬಿರುಕು ಕಣ್ಣಿಗೆ ಬೀಳುವುದೇ ಹಣ್ಣು ಹರಡುವ ಹಿಂದಿನ ದಿನ. ಆಗ ಎರಡು ಬಾಂಡ್ಲಿ ಸಿಮೆಂಟ್ ಕಲಸಿ ಬಳಿದು ಕೈತೊಳೆದುಕೊಳ್ಳುವುದು ವಾಡಿಕೆ. ಆ ತೇಪೆ ಮುಂದಿನ ಮಳೆಗಾಲ ಮುಗಿಯುವುದರೊಳಗೆ ಚಕ್ಕೆಯಾಗಿ ಏಳುತ್ತದೆ, ಅದರ ಪುಡಿಯೂ ಅಡಿಯ ಮಣ್ಣೂ ಕಾಫಿಯ ಜೊತೆಗೆ ಗೋಣಿ ಸೇರುತ್ತವೆ. ಕಣದ ದುರಸ್ತಿಯನ್ನು ಕೊಯ್ಲಿನ ದಿನದಿಂದ ಹಿಂದಕ್ಕೆ ಎಣಿಸಿ ಯೋಜಿಸಬೇಕು. ಅದರ ಮೊದಲ ಹೆಜ್ಜೆಯನ್ನು ಜುಲೈ ತಿಂಗಳಲ್ಲೇ ಇಡಬೇಕು.

ಮಳೆಗಾಲದಲ್ಲಿ ಕಾಂಕ್ರೀಟ್ ಹಾಕಲಾಗುವುದಿಲ್ಲ, ನಿಜ. ಆದರೆ ಕಣದ ದೋಷವೆಲ್ಲ ಬಯಲಾಗುವುದು ಆಗಲೇ. ಜೋರು ಮಳೆ ನಿಂತ ಅರ್ಧ ಗಂಟೆಯ ನಂತರ ಹೋಗಿ ನೋಡಿದರೆ, ನೀರು ಎಲ್ಲಿ ನಿಂತಿದೆ, ಯಾವ ಬಿರುಕಿನಲ್ಲಿ ಇಂಗುತ್ತಿದೆ, ಯಾವ ಅಂಚಿನಲ್ಲಿ ಅಡಿಯ ಮಣ್ಣನ್ನು ಕೊಚ್ಚಿಕೊಂಡು ಹೊರಬರುತ್ತಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಒಂದು ಹಾಳೆಯ ಮೇಲೆ ಕಣದ ನಕ್ಷೆ ಬರೆದು ಇವನ್ನು ಗುರುತಿಸಿಕೊಳ್ಳಬೇಕು. ಬಿಸಿಲು ಬಂದ ದಿನ ಪ್ರತಿ ಬಿರುಕಿನ ಎರಡೂ ತುದಿಗೆ ಪೇಂಟಿನಿಂದ ಅಡ್ಡಗೆರೆ ಎಳೆದು, ತಾರೀಕು ಬರೆದಿಟ್ಟರೆ, ಅಕ್ಟೋಬರ್ ವೇಳೆಗೆ ಬಿರುಕು ಆ ಗೆರೆಯನ್ನು ದಾಟಿದೆಯೇ ಎಂಬುದು ತಿಳಿಯುತ್ತದೆ. ಕೂದಲೆಳೆಯಂತೆ ಸಣ್ಣಗಿದ್ದು ಬೆಳೆಯದೆ ನಿಂತ ಬಿರುಕು ಕಾಂಕ್ರೀಟ್ ಒಣಗುವಾಗ ಕುಗ್ಗಿದ್ದರ ಫಲ. ಅದನ್ನು ಕೆದಕುವ ಅಗತ್ಯವಿಲ್ಲ. ಬಿರುಕಿನ ಒಂದು ಬದಿ ಮೇಲೆದ್ದು ಇನ್ನೊಂದು ಬದಿ ಕುಸಿದಿದ್ದರೆ ತೊಂದರೆ ಅಡಿಯಲ್ಲಿದೆ ಎಂದು ತಿಳಿಯಬೇಕು: ಭರ್ತಿ ಮಣ್ಣು ಸರಿಯಾಗಿ ಕೂತಿಲ್ಲ, ಇಲ್ಲವೇ ಪಕ್ಕದ ಸಿಲ್ವರ್ ಓಕ್ ಮರದ ಬೇರು ಒಳನುಗ್ಗಿದೆ. ಕಾರಣ ಹಾಗೆಯೇ ಉಳಿದರೆ ಮೇಲೆ ಎಷ್ಟು ಸಿಮೆಂಟ್ ಸುರಿದರೂ ವ್ಯರ್ಥ.

ಇನ್ನೊಂದು ಬಗೆಯ ಬಿರುಕನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಅದು ಕಣದ ಅಂಚಿನಲ್ಲಿ ನಿಲ್ಲದೆ ಪಕ್ಕದ ನೆಲದಲ್ಲೂ ಬರೆಯ (ಗುಡ್ಡದ ಕಡಿದಾದ ಇಳಿಜಾರಿನ) ಉದ್ದಕ್ಕೂ ಸಾಗಿದ್ದರೆ, ವಿಷಯ ಗಾರೆ ಕೆಲಸದ ಮಿತಿಯನ್ನು ಮೀರಿದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಗುಡ್ಡಗಳು ಕುಸಿದುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಥ ಬಿರುಕಿಗೆ ಸಿಮೆಂಟ್ ತುಂಬದೆ, ಪಂಚಾಯಿತಿಗೆ ಅಥವಾ ತಾಲ್ಲೂಕು ಕಚೇರಿಗೆ ಕೂಡಲೇ ತಿಳಿಸಬೇಕು.

ಮುಂದಿನದು ಸುತ್ತಿಗೆಯ ಪರೀಕ್ಷೆ. ಒಣಗಿದ ಕಣದ ಮೇಲೆ ಅಡಿಗೊಂದರಂತೆ ಹಗುರವಾಗಿ ಬಡಿಯುತ್ತ ಹೋದರೆ ಗಟ್ಟಿ ಜಾಗ ಠಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಡಬ್ ಡಬ್ ಎಂದು ಟೊಳ್ಳಾಗಿ ಸದ್ದು ಮಾಡುತ್ತದೆ. ಟೊಳ್ಳು ಸದ್ದು ಬಂದಷ್ಟು ಭಾಗಕ್ಕೂ ಸೀಮೆಸುಣ್ಣದಿಂದ ಚೌಕ ಎಳೆಯಬೇಕು. ಕಣ್ಣಿಗೆ ಕಾಣುವ ಹಾಳಿಗಿಂತ ಈ ಚೌಕ ದೊಡ್ಡದೇ ಇರುತ್ತದೆ, ಅಂದಾಜಿನ ಪಟ್ಟಿ ಮಾಡಬೇಕಾದುದು ಇದರ ಮೇಲೆಯೇ. ಒಡೆದ ಭಾಗ ಮುಕ್ಕಾಲು ಕಣದಷ್ಟಾದರೆ ತೇಪೆಯ ಆಸೆ ಬಿಟ್ಟು ಪೂರ್ತಿ ಹೊಸದಾಗಿ ಹಾಕಿಸುವುದೇ ಲೇಸು.

ಲೆಕ್ಕ ಸುಲಭ. 10 ಅಡಿ ಉದ್ದ, 10 ಅಡಿ ಅಗಲ, 4 ಇಂಚು ದಪ್ಪದ ಭಾಗಕ್ಕೆ ಸುಮಾರು 33 ಘನ ಅಡಿ ಕಾಂಕ್ರೀಟ್ ಬೇಕು. ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಮಿಶ್ರಣದಲ್ಲಿ ಅದಕ್ಕೆ 50 ಕಿಲೋದ 7ರಿಂದ 8 ಮೂಟೆ ಸಿಮೆಂಟ್, ಸುಮಾರು 15 ಘನ ಅಡಿ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಮತ್ತು 30 ಘನ ಅಡಿ 20 ಎಂ.ಎಂ. ಜಲ್ಲಿ ಹಿಡಿಯುತ್ತದೆ. ಸಿಮೆಂಟನ್ನು ಮಳೆಗಾಲಕ್ಕೆ ಮುಂಚೆ ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ಗೋದಾಮಿನಲ್ಲಿಡುವುದು ನಮ್ಮ ಹವೆಗೆ ಹೊಂದುವುದಿಲ್ಲ; ತೇವ ಹೀರಿದ ಸಿಮೆಂಟ್ ಮೂರು ತಿಂಗಳಲ್ಲಿ ಗಣನೀಯವಾಗಿ ಸತ್ವ ಕಳೆದುಕೊಳ್ಳುತ್ತದೆ.

ಕೆಲಸ ಯಾವಾಗ ಎಂಬ ಪ್ರಶ್ನೆಗೆ ತೋಟದ ಬೆಳೆಯೇ ಉತ್ತರ ಹೇಳುತ್ತದೆ. ಬರೀ ರೊಬಸ್ಟಾ ಇರುವವರಿಗೆ ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಕಳೆದು ನವೆಂಬರ್ ಕೊನೆ ಅಥವಾ ಡಿಸೆಂಬರ್‌ನ ಸುಗ್ಗಿಹಬ್ಬ ಹುತ್ತರಿ ಬರುವವರೆಗಿನ ಅವಧಿ ಒಳ್ಳೆಯದು: ನೆಲದಲ್ಲಿ ತೇವವಿರುತ್ತದೆ, ಬಿಸಿಲು ಸೌಮ್ಯವಾಗಿರುತ್ತದೆ, ಹಿಂಗಾರಿನ ಮಳೆಗೆ ಟಾರ್ಪಾಲು ಸಿದ್ಧವಿದ್ದರೆ ಸಾಕು. ಅರೇಬಿಕಾ ಇರುವವರಿಗೆ ಅಷ್ಟು ಬಿಡುವಿಲ್ಲ. ಅವರು ಕೊನೆಯ ಮೂಟೆ ಕಣ ಬಿಟ್ಟ ಮೇಲೆ, ಮಾರ್ಚ್ ಕೊನೆ ಅಥವಾ ಏಪ್ರಿಲ್‌ನಲ್ಲಿ ಮಾಡಿಸುವುದು ಮೇಲು. ಆಗ ಕೊಯ್ಲು ಮುಗಿದು ಆಳುಗಳೂ ಸಿಗುತ್ತಾರೆ. ಆದರೆ ಕಾಫಿಯ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಕೆರೆಯ ನೀರೆಲ್ಲ ಸ್ಪ್ರಿಂಕ್ಲರ್‌ಗೆ ಹೋಗಿರುತ್ತದೆಯಾದ್ದರಿಂದ, ಕ್ಯೂರಿಂಗ್‌ಗೆ (ಹೊಸ ಕಾಂಕ್ರೀಟನ್ನು ಒದ್ದೆಯಾಗಿಡಲು) ಬೇಕಾದ ನೀರನ್ನು ಮೊದಲೇ ತೆಗೆದಿರಿಸಿಕೊಳ್ಳಬೇಕು.

ಕೆಲಸ ಆರಂಭಿಸುವ ಮುನ್ನ ಬ್ಲೀಚಿಂಗ್ ಪುಡಿ ಹಾಕಿ ಪಾಚಿಯನ್ನು ಉಜ್ಜಿ, ಚೆನ್ನಾಗಿ ತೊಳೆಯಬೇಕು. ಗುರುತು ಮಾಡಿದ ಚೌಕದ ಅಂಚನ್ನು ಕಟ್ಟಿಂಗ್ ಮೆಷಿನ್‌ನಿಂದ ನೇರವಾಗಿ ಕೊಯ್ದು ಒಳಭಾಗವನ್ನು ಒಡೆದು ತೆಗೆಯಬೇಕು. ಅಂಚು ಇಳಿಜಾರಾಗಿ ತೆಳುವಾಗುತ್ತ ಹೋದರೆ ಹೊಸ ಕಾಂಕ್ರೀಟ್ ಅಲ್ಲಿಂದಲೇ ಸಿಪ್ಪೆ ಏಳುತ್ತದೆ. ಮಣ್ಣಿನವರೆಗೆ ತೆಗೆದ ಜಾಗದಲ್ಲಿ ಜಲ್ಲಿಪುಡಿ ತುಂಬಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಬೇಕು. ಹಳೆಯ ಅಂಚನ್ನು ಹಿಂದಿನ ರಾತ್ರಿಯೇ ನೆನೆಸಿಟ್ಟು, ಮೇಲೆ ನಿಂತ ನೀರನ್ನು ಒರೆಸಿ, ನೀರಿನಲ್ಲಿ ತೆಳುವಾಗಿ ಕಲಸಿದ ಸಿಮೆಂಟ್ ಹಾಲನ್ನು ಬ್ರಷ್‌ನಿಂದ ಹಚ್ಚಿದ ಕೂಡಲೇ ಕಾಂಕ್ರೀಟ್ ಸುರಿಯಬೇಕು. ಹಾಲು ಹಚ್ಚಿ ಮೇಸ್ತ್ರಿ ಚಹಾಕ್ಕೆ ಹೋದರೆ ಅದು ಒಣಗಿ, ಅಂಟಿಸುವ ಬದಲು ಬಿಡಿಸುವ ಪದರವೇ ಆಗುತ್ತದೆ.

ನೀರಿನ ವಿಷಯದಲ್ಲಿ ಮನೆಯವರು ಎದುರಿಗಿರುವುದು ಒಳ್ಳೆಯದು. ಈ ಮಿಶ್ರಣಕ್ಕೆ ಒಂದು ಮೂಟೆ ಸಿಮೆಂಟಿಗೆ 30 ಲೀಟರಿಗಿಂತ ಹೆಚ್ಚು ನೀರು ಸಲ್ಲದು, ಮರಳಿನ ತೇವವೂ ಅದರಲ್ಲೇ ಸೇರಿದೆ. ಕರಣೆ ಸರಾಗವಾಗಿ ಓಡಲೆಂದು ಇನ್ನೊಂದು ಕೊಡ ಸುರಿಯುವ ಅಭ್ಯಾಸ ಎಲ್ಲೆಡೆ ಇದೆ. ಮೇಲೆ ತೇಲಿದ ನೀರನ್ನು ಹೀರಿಸಲು ಒಣ ಸಿಮೆಂಟ್ ಉದುರಿಸಿ ನುಣುಪು ಮಾಡುವುದೂ ಇದೆ. ಎರಡೂ ಕಣಕ್ಕೆ ಕೇಡು: ಮೊದಲನೆಯದರಿಂದ ಬಲ ಕುಗ್ಗುತ್ತದೆ, ಎರಡನೆಯದರಿಂದ ಮೇಲ್ಪದರ ಪುಡಿಯಾಗಿ ಏಳುತ್ತದೆ. ನೀರು ತಾನಾಗಿ ಇಂಗಿದ ಮೇಲೆ ಮರದ ಮಣೆಯಿಂದ ಉಜ್ಜಿ, ಒಮ್ಮೆ ಮಾತ್ರ ಕರಣೆ ಎಳೆದರೆ ಕಾಫಿ ಎಳೆಯಲು ಬೇಕಾದಷ್ಟು ನಯ ಬರುತ್ತದೆ. 8 ಅಡಿಗೆ 1 ಇಂಚಿನಷ್ಟು ಇಳಿಜಾರನ್ನು ದಾರ ಕಟ್ಟಿಯೇ ನೋಡಿಕೊಳ್ಳಬೇಕು. ದೊಡ್ಡ ಭಾಗವಾದರೆ 8ರಿಂದ 10 ಅಡಿಗೊಂದು ಜಾಯಿಂಟ್ ಬಿಡಿಸಬೇಕು. ಆ ಸಂದಿಗೆ ಟಾರ್ ಬೇಡ. ಬಿಸಿಲಿಗೆ ಅದರ ವಾಸನೆ ಏಳುತ್ತದೆ, ಕಾಫಿ ಬೇಗ ವಾಸನೆ ಹಿಡಿಯುವ ವಸ್ತು. ಸಂದಿ ತುಂಬುವ ರಬ್ಬರಿನಂಥ ಪಿಯು (ಪಾಲಿಯುರೆಥೇನ್) ಸೀಲಂಟ್ ದುಬಾರಿಯಾದರೂ ಅದನ್ನೇ ತುಂಬಿಸುವುದು ಸೂಕ್ತ.

ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಕನಿಷ್ಠ 10 ದಿನ, ಏಪ್ರಿಲ್‌ನ ಬಿಸಿಲಿನಲ್ಲಾದರೆ 14 ದಿನ, ಹಳೆಯ ಗೋಣಿಚೀಲ ಹಾಸಿ ಅವು ಒಣಗದಂತೆ ನೀರು ಹಾಕುತ್ತಿರಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎರಚಿದರೆ ಸಾಲದು, ಮಧ್ಯಾಹ್ನದ ಹೊತ್ತಿಗೆ ಚೀಲ ಒಣಗಿರುತ್ತದೆ. ಚೀಲ ತೆಗೆದು ಒಂದು ವಾರ ಒಣಗಿದ ಮೇಲೆ ಹಣ್ಣು ಹರಡಬಹುದು. ಮೂಟೆ ತುಂಬಿದ ಪಿಕಪ್ ಅಥವಾ ಟ್ರ್ಯಾಕ್ಟರ್ ಮಾತ್ರ 28 ದಿನ ತುಂಬುವವರೆಗೆ ಕಣದ ಹೊರಗೇ ನಿಲ್ಲಬೇಕು.