ನಮ್ಮ ಬೂತಿನದು ಎಷ್ಟು?

ಕುಮಟಾ ಬಸ್ ನಿಲ್ದಾಣದ ಹತ್ತಿರ ನಾನು ದಿನಾ ಬೆಳಿಗ್ಗೆ ಏಳೂವರೆಗೆ ಹೋಗಿ ಕುಳಿತುಕೊಳ್ಳುವ ಒಂದು ಚಹಾದಂಗಡಿ ಇದೆ. ಚಹಾ ನೆಪ ಮಾತ್ರ. ಹಿಂದಿನ ಸಂಜೆ ಬರೆದು ಕಳುಹಿಸಿದ ಸುದ್ದಿಯನ್ನು ಜನ ಹೇಗೆ ಓದುತ್ತಾರೆ ಎಂದು ನೋಡುವ ಚಟ ನನ್ನದು. ಅಲ್ಲಿಗೆ ಬರುವ ನಿವೃತ್ತ ಮಾಸ್ತರರೊಬ್ಬರು ಪತ್ರಿಕೆಯನ್ನು ಹಿಂದಿನಿಂದ ಮುಂದಕ್ಕೆ ಓದುತ್ತಾರೆ. ಮೊದಲು ನಿಧನ ವಾರ್ತೆ. ಆಮೇಲೆ ಅಡಿಕೆ ಧಾರಣೆ: ಚಾಲಿ ಎಷ್ಟು, ಕೋಕಾ ಎಷ್ಟು, ಚಿಪ್ಪು ಎಷ್ಟು. ಬಳಿಕ ಇವತ್ತು ರಾತ್ರಿ ಯಕ್ಷಗಾನ ಎಲ್ಲಿ ಎಂಬುದು. ರಾಜಕೀಯದ ಪುಟಕ್ಕೆ ಬರುವಷ್ಟರಲ್ಲಿ ಅವರ ಬನ್ಸ್ ಮುಗಿದಿರುತ್ತದೆ. ಒಂದು ಚುನಾವಣೆಯ ವೇಳೆ ನಾನು ಎರಡು ದಿನ ಕುಳಿತು ಬರೆದ ಮೂರು ಕಾಲಂ ವಿಶ್ಲೇಷಣೆಯ ಮೇಲೆ ಅವರು ನಿಧಾನವಾಗಿ, ಒಂದೊಂದೇ ಬೆರಳಿನ ಎಣ್ಣೆ ಒರೆಸಿಕೊಂಡರು. ನಂತರ ತಲೆ ಎತ್ತಿ, ‘ಎಲ್ಲ ಸರಿ. ಹೋದ ಸಲ ನಮ್ಮ ಬೂತಿನಲ್ಲಿ ಯಾರಿಗೆ ಎಷ್ಟು ಬಿದ್ದಿತ್ತು, ಅದು ಗೊತ್ತುಂಟೋ?’ ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ.

ನಾನು ಮೊದಲು ವರದಿ ಮಾಡಿದ್ದು 1999ರ ಚುನಾವಣೆಯನ್ನು. ಮಾರ್ಗರೆಟ್ ಆಳ್ವ ಇಲ್ಲಿಂದ ಲೋಕಸಭೆಗೆ ಗೆದ್ದ ವರ್ಷ ಅದು. ಆಗ ಫೋಟೊ ರೋಲನ್ನು ಲಕೋಟೆಯಲ್ಲಿ ಹಾಕಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಘಟ್ಟದಲ್ಲಿ ಬಸ್ ಕೆಟ್ಟರೆ ಅಭ್ಯರ್ಥಿಯ ಮೆರವಣಿಗೆ ಮರುದಿನದ ಪತ್ರಿಕೆಯಲ್ಲಿ ಇರುತ್ತಿರಲಿಲ್ಲ. ನಾನು ಪತ್ರಿಕೆಯ ನೌಕರನಲ್ಲ, ಅರೆಕಾಲಿಕ ವರದಿಗಾರ. ಸುದ್ದಿಗೆ ಸಿಗುವ ಹಣ ಚಹಾದಂಗಡಿಯ ಲೆಕ್ಕಕ್ಕೆ ಸರಿಹೋದರೆ ಪುಣ್ಯ. ಹೊಟ್ಟೆ ತುಂಬಿಸುವುದು ಜಾಹೀರಾತಿನ ಕಮಿಷನ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಊರಿನ ಚುನಾವಣಾ ವರದಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ವರದಿಗಾರನ ಜೇಬನ್ನೂ ನೋಡಬೇಕಾಗುತ್ತದೆ.

ಮೊದಲ ಹತ್ತು ವರ್ಷ ನಾನು ಎಲ್ಲರಂತೆಯೇ ಬರೆದೆ. ಯಾವ ಜಾತಿಯ ಮತ ಎಷ್ಟು, ಯಾರಿಗೆ ಯಾರ ಒಳಪೆಟ್ಟು, ನಾಮಧಾರಿಗಳು ಎತ್ತ, ಹವ್ಯಕರು ಎತ್ತ, ಮೀನುಗಾರರು ಎತ್ತ. ಈ ಲೆಕ್ಕ ಹೇಳುವವರು ಊರಿಗೆ ನಾಲ್ಕೈದು ಜನ. ಎಲ್ಲ ಪತ್ರಿಕೆಯವರಿಗೂ ಅವರೇ ಹೇಳುತ್ತಾರೆ. ಆದ್ದರಿಂದ ಎಲ್ಲ ಪತ್ರಿಕೆಯಲ್ಲೂ ಒಂದೇ ಲೆಕ್ಕ ಬರುತ್ತದೆ, ಎಲ್ಲ ಪತ್ರಿಕೆಯಲ್ಲೂ ಬಂತೆಂದು ಅದು ನಿಜವೂ ಆಗಿಬಿಡುತ್ತದೆ. ಆ ಧಾಟಿ ಆಮೇಲೂ ಪೂರ್ತಿ ಬಿಡಲಿಲ್ಲ. 2023ರಲ್ಲಿ ಶಿರಸಿಯಲ್ಲಿ, ಹಲವು ಸಲ ಶಾಸಕರಾಗಿದ್ದ ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿ ಸೋತಾಗ ಒಂದು ಯುಗ ಮುಗಿಯಿತು ಎಂಬ ಧಾಟಿಯಲ್ಲಿ ಬರೆದವರಲ್ಲಿ ನಾನೂ ಒಬ್ಬ. ಮರುವರ್ಷ ಅವರೇ ಲೋಕಸಭೆಗೆ ನಿಂತು ಮೂರು ಲಕ್ಷದ 37 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಮಾಸ್ತರರು ನನ್ನ ಹಳೆಯ ಬರಹವನ್ನು ನೆನಪಿಸಲಿಲ್ಲ. ಅವರು ಅದನ್ನು ಓದಿಯೇ ಇರಲಿಲ್ಲ ಎಂಬುದು ಇನ್ನೂ ಕೆಟ್ಟದಾಗಿತ್ತು.

ಅವರಿಗೆ ನೆನಪಿರುವುದು ಬೇರೆ. ದಿನಕರ ದೇಸಾಯಿ 1967ರಲ್ಲಿ ಪಕ್ಷೇತರರಾಗಿ ಗೆದ್ದು ಲೋಕಸಭೆಗೆ ಹೋದದ್ದು. 1989ರಲ್ಲಿ ಕೈಗಾ ಅಣುಸ್ಥಾವರ ಬೇಡ ಎಂದು ಶಿವರಾಮ ಕಾರಂತರು ಆ ಮುದಿ ವಯಸ್ಸಿನಲ್ಲಿ ಇಲ್ಲಿ ಸ್ಪರ್ಧಿಸಿದ್ದು, ಸೋತದ್ದು. ಆ ಸಲ ಪತ್ರಿಕೆಗಳು ಯಾರು ಗೆಲ್ಲುತ್ತಾರೆ ಎಂದು ಬರೆದಿದ್ದವು ಎಂದು ಕೇಳಿದರೆ ಅವರಿಗೆ ನೆನಪಿಲ್ಲ.

ಒಂದು ಚುನಾವಣೆಯಲ್ಲಿ ನಾನು ಬರೆಯುತ್ತಿದ್ದ ಪತ್ರಿಕೆಯಿಂದ ‘ಪ್ಯಾಕೇಜ್’ ಬಂತು. ಅಭ್ಯರ್ಥಿ ಕೊಡುವ ಇಷ್ಟು ಹಣಕ್ಕೆ ಇಷ್ಟು ದಿನ, ಇಷ್ಟು ಕಾಲಂ, ಒಂದು ಸಂದರ್ಶನ. ಅಚ್ಚಾಗುವಾಗ ಅದರ ಮೇಲೆ ‘ಜಾಹೀರಾತು’ ಎಂಬ ನಾಲ್ಕು ಅಕ್ಷರ ಇರುವುದಿಲ್ಲ. ಇದ್ದರೆ ಅದು ಅಭ್ಯರ್ಥಿಯ ಖರ್ಚಿನ ಲೆಕ್ಕಕ್ಕೆ ಹೋಗಬೇಕು. ಆ ಖರ್ಚಿಗೆ ಮಿತಿ ಇದೆ. 2022ರಿಂದ ನಮ್ಮಲ್ಲಿ ಅದು ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ. ಇಂಥದ್ದನ್ನು ಹಿಡಿಯಲೆಂದೇ ಪ್ರತಿ ಜಿಲ್ಲೆಯಲ್ಲಿ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಇರುತ್ತದೆ. ನಾನು ಆ ಸಲ ಎರಡು ಪ್ಯಾಕೇಜ್ ಬರೆದೆ. ಕಮಿಷನ್ ಬಂತು, ಮನೆಯ ಹಂಚು ಬದಲಾಯಿತು. ಸಮಿತಿ ಹಿಡಿಯಲಿಲ್ಲ. ಹಿಡಿದದ್ದು ಚಹಾದಂಗಡಿ. ‘ಇದು ದುಡ್ಡಿನದು’ ಎಂದರು ಮಾಸ್ತರರು. ಹೇಗೆ ಹೇಳುತ್ತೀರಿ ಎಂದೆ. ‘ನೀನು ಬರೆದರೆ ಅದರಲ್ಲಿ ಒಬ್ಬನಾದರೂ ಅಭ್ಯರ್ಥಿಯನ್ನು ರಸ್ತೆಯ ಬಗ್ಗೆ ಕೇಳಿಯೇ ಕೇಳುತ್ತಾನೆ. ಇಲ್ಲಿ ಎಲ್ಲರೂ ಆರತಿ ಎತ್ತುತ್ತಿದ್ದಾರೆ’ ಎಂದರು. ಮುಂದಿನ ಸಲದಿಂದ ಜಾಹೀರಾತೆಂದು ಅಚ್ಚಾಗುವುದನ್ನು ಮಾತ್ರ ತರುತ್ತೇನೆ ಎಂದೆ. ಆ ಪತ್ರಿಕೆಗೆ ಬೇರೆ ವರದಿಗಾರ ಸಿಕ್ಕಿದ. ನನಗೆ ಬೇರೆ ಪತ್ರಿಕೆ ಸಿಕ್ಕಿತು, ಸ್ವಲ್ಪ ಕಡಿಮೆ ದುಡ್ಡಿನದು.

ಹೊಸ ಜಾಗದಲ್ಲಿ ನಾನು ಎರಡು ಅಭ್ಯಾಸ ಮಾಡಿಕೊಂಡೆ. ಒಂದು, ಹಳ್ಳಿಗೆ ಹೋದಾಗ ‘ಯಾರು ಗೆಲ್ಲುತ್ತಾರೆ’ ಎಂದು ಕೇಳುವುದನ್ನು ಬಿಟ್ಟೆ. ಕೇಳಿದರೆ ಜನ ನನ್ನ ಮುಖ ನೋಡಿ, ನನಗೆ ಯಾವ ಉತ್ತರ ಬೇಕು ಎಂದು ಅಂದಾಜು ಮಾಡಿ ಅದನ್ನೇ ಕೊಡುತ್ತಿದ್ದರು. ಬದಲಾಗಿ, ‘ಹೋದ ಸಲ ಮತ ಕೇಳಲು ಬಂದವರು ಏನು ಹೇಳಿದ್ದರು’ ಎಂದು ಕೇಳತೊಡಗಿದೆ. ಆಗ ಮಾತು ತಾನಾಗಿ ಹರಿಯುತ್ತದೆ. ಹೆಚ್ಚಿನ ಕಡೆ ಅದು ಕೊನೆಗೆ ಬಂದು ನಿಲ್ಲುವುದು ಆಸ್ಪತ್ರೆಯ ಬಳಿ. ತಲೆಗೆ ಪೆಟ್ಟಾದರೆ, ಎದೆ ಹಿಡಿದುಕೊಂಡರೆ ಮಣಿಪಾಲಕ್ಕೆ ಅಥವಾ ಗೋವಾಕ್ಕೆ ಓಡಬೇಕಾದ ಜಿಲ್ಲೆ ಇದು. ಹೊನ್ನಾವರದ ಕಡೆ ಒಬ್ಬ ಮೀನು ಮಾರುವ ಹೆಂಗಸು ಬುಟ್ಟಿಯಲ್ಲಿ ಬಂಗಡೆ ಜೋಡಿಸುತ್ತಲೇ, ಮೂರು ಚುನಾವಣೆಗಳಲ್ಲಿ ಮೂರು ಪಕ್ಷದವರು ಆಸ್ಪತ್ರೆ ಎಲ್ಲಿ ಆಗುತ್ತದೆ ಎಂದು ತೋರಿಸಿದ್ದ ಮೂರು ಜಾಗಗಳನ್ನು ಹೇಳಿದಳು. ಅದನ್ನು ಹಾಗೆಯೇ ಬರೆದೆ. ಮಾಸ್ತರರು ಆ ದಿನ ನಿಧನ ವಾರ್ತೆಯ ನಂತರ ನೇರವಾಗಿ ನನ್ನ ಸುದ್ದಿಗೆ ಬಂದರು. ನನಗೆ ಸಿಕ್ಕ ಪ್ರಶಸ್ತಿ ಎಂದರೆ ಅದೇ.

ಎರಡನೆಯದು, ಸಭೆಗಳಲ್ಲಿ ಕುರ್ಚಿ ಎಣಿಸುವುದು. ಸಂಘಟಕರು ಐವತ್ತು ಸಾವಿರ ಎಂದರೆ ವಿರೋಧಿಗಳು ಐದು ಸಾವಿರ ಎನ್ನುತ್ತಾರೆ. ನಾನು ಸಭೆ ಶುರುವಾಗುವ ಒಂದು ಗಂಟೆ ಮೊದಲೇ ಹೋಗಿ ಒಂದು ಸಾಲಿನ ಕುರ್ಚಿ, ಚಪ್ಪರದ ಒಂದು ಅಂಕಣದ ಸಾಲು, ಒಟ್ಟು ಅಂಕಣ ಎಣಿಸಿ ಗುಣಿಸುತ್ತೇನೆ. ನಿಂತವರಿಗೆ ಅಂದಾಜಿನ ಮೇಲೆ ಸ್ವಲ್ಪ ಸೇರಿಸುತ್ತೇನೆ. ಲೆಕ್ಕ ಹಾಕಿದ ಬಗೆಯನ್ನು ಸುದ್ದಿಯಲ್ಲೇ ಒಂದು ಸಾಲು ಬರೆಯುತ್ತೇನೆ. ಮೊದಲ ಸಲ ಹೀಗೆ ಬರೆದ ಬೆಳಿಗ್ಗೆ ಎಂಟಕ್ಕೆ ಒಂದು ಪಕ್ಷದ ತಾಲೂಕು ಮುಖಂಡರು ಫೋನ್ ಮಾಡಿ, ‘ಅವರ ದುಡ್ಡು ತಿಂದು ನಮ್ಮ ಸಭೆ ಸಣ್ಣದು ಮಾಡಿದಿರಿ’ ಎಂದರು. ಎಂಟೂಕಾಲಿಗೆ ಇನ್ನೊಂದು ಪಕ್ಷದವರು, ‘ಖಾಲಿ ಮೈದಾನಕ್ಕೆ ಇಷ್ಟು ಜನರನ್ನು ಎಲ್ಲಿಂದ ತಂದು ತುಂಬಿಸಿದಿರಿ’ ಎಂದರು. ಇಬ್ಬರೂ ಓದಿದ್ದು ಒಂದೇ ಸಂಖ್ಯೆ. ಇದು ನಮ್ಮ ಊರಿನ ವಿಶೇಷ ಎಂದುಕೊಂಡಿದ್ದೆ. ಹಾಗಲ್ಲವಂತೆ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1982ರಲ್ಲಿ ಲೆಬನಾನಿನ ಬೈರೂತ್‌ನಲ್ಲಿ ನಡೆದ ಪ್ಯಾಲೆಸ್ತೀನಿ ನಿರಾಶ್ರಿತರ ಹತ್ಯಾಕಾಂಡದ ಟಿವಿ ಸುದ್ದಿಯನ್ನು ಇಸ್ರೇಲ್ ಪರ ಮತ್ತು ಅರಬ್ಬರ ಪರ ಇರುವ ವಿದ್ಯಾರ್ಥಿಗಳಿಗೆ ತೋರಿಸಿ ನೋಡಿದ್ದರು. ಅದೇ ತುಣುಕುಗಳು ತಮ್ಮ ವಿರುದ್ಧ ಇವೆ ಎಂದು ಎರಡೂ ಕಡೆಯವರು ಹೇಳಿದರು. 1985ರಲ್ಲಿ ಅದು ಪ್ರಕಟವಾಯಿತು. ಇದನ್ನು ತಿಳಿದ ಮೇಲೆ ಬೆಳಗಿನ ಫೋನ್‌ಗಳಿಗೆ ರಕ್ತದೊತ್ತಡ ಏರಿಸಿಕೊಳ್ಳುವುದು ಸ್ವಲ್ಪ ಕಡಿಮೆಯಾಗಿದೆ.

ಇಷ್ಟಾದರೂ ಪತ್ರಿಕೆಯ ನಕ್ಷೆಯೇ ಬೇರೆ, ಕ್ಷೇತ್ರದ ನಕ್ಷೆಯೇ ಬೇರೆ. ಉತ್ತರ ಕನ್ನಡ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಖಾನಾಪುರ, ಕಿತ್ತೂರು ಎರಡೂ ಬೆಳಗಾವಿ ಜಿಲ್ಲೆಯವು. ನಮ್ಮ ಜಿಲ್ಲಾ ಪುಟ ಜಿಲ್ಲೆಯ ಗಡಿಗೆ ಬಂದು ನಿಲ್ಲುತ್ತದೆ, ಅವರ ಪುಟ ಅತ್ತ ಕಡೆ ನಿಲ್ಲುತ್ತದೆ. 2024ರಲ್ಲಿ ಕಾಂಗ್ರೆಸ್‌ನಿಂದ ನಿಂತಿದ್ದ ಅಂಜಲಿ ನಿಂಬಾಳ್ಕರ್ ಖಾನಾಪುರದ ಮಾಜಿ ಶಾಸಕಿ. ಕುಮಟಾದ ಓದುಗನಿಗೆ ಅವರ ಕೆಲಸ ಹೇಗಿತ್ತು ಎಂದು ನಾನು ಏನು ಹೇಳಲಿ? ನಾನು ಖಾನಾಪುರಕ್ಕೆ ಹೋಗಿದ್ದು ಒಂದೇ ಸಲ, ಅದೂ ಒಂದು ಮದುವೆಗೆ. ನನ್ನದೇ ಖರ್ಚಿನಲ್ಲಿ ಒಂದು ದಿನ ಹೋಗಿ ಬಂದು ಬರೆದೆ. ಆ ಸುದ್ದಿ ‘ನಮ್ಮ ಜಿಲ್ಲೆಯದಲ್ಲ’ ಎಂದು ಡೆಸ್ಕಿನಲ್ಲಿ ಉಳಿಯಿತು.

ಮತ ಎಣಿಕೆ ಎಂದರೆ ನಮ್ಮ ಊರಿಗೆ ಜಾತ್ರೆ. ಇಡೀ ಜಿಲ್ಲೆಯ ಎಣಿಕೆ ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜಿನಲ್ಲಿ ನಡೆಯುತ್ತದೆ. ಎಂಟಕ್ಕೆ ಅಂಚೆ ಮತ, ಎಂಟೂವರೆಯಿಂದ ಯಂತ್ರದ ಮತ. ಎಣಿಕೆ ಕೋಣೆಯೊಳಗೆ ಅಭ್ಯರ್ಥಿಗಳ ಏಜೆಂಟರ ಬಳಿ ಮೊಬೈಲ್ ಇರುವುದಿಲ್ಲ. ಪೆನ್ನು, ಕಾಗದ ಅಷ್ಟೇ. ಅವರು ಹೊರಗೆ ಬಂದಾಗ ಅವರ ಕೈಯ ಚೀಟಿಗೆ ಚಿನ್ನದ ಬೆಲೆ. 2023ರ ಮೇ 13ರಂದು ನನಗೂ ಅಂಥದ್ದೊಂದು ಚೀಟಿ ಸಿಕ್ಕಿತು. ಬೆವರಿನಲ್ಲಿ ಒದ್ದೆಯಾದ ಕಾಗದ. ಅವಸರದ ಅಕ್ಷರ. ನಾನು ಎಂಟು ಎಂದು ಓದಿದ್ದು ಮೂರಾಗಿತ್ತು. ಕೂಡಿಸಿ ನಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಾಲು ಹಾಕಿದೆ. ಹತ್ತು ನಿಮಿಷದಲ್ಲಿ ಎಲ್ಲೋ ಪಟಾಕಿ ಹೊಡೆದರು. ಅಧಿಕಾರಿಗಳು ಧ್ವನಿವರ್ಧಕದಲ್ಲಿ ಸುತ್ತಿನ ಲೆಕ್ಕ ಓದಿದಾಗ ಮುನ್ನಡೆ ಇನ್ನೊಬ್ಬರದು. ನಾನು ಅಳಿಸಿದೆ. ಅಳಿಸಿದ್ದನ್ನು ಯಾರೂ ನೋಡಲಿಲ್ಲ. ಅಳಿಸುವ ಮೊದಲಿನದನ್ನು ಎಲ್ಲರೂ ನೋಡಿದ್ದರು. ಆ ದಿನ ಕುಮಟಾ ಕ್ಷೇತ್ರದ ಅಂತಿಮ ಅಂತರ ಏಳು ನೂರು ಮತ ಕೂಡ ಇರಲಿಲ್ಲ. ಇಂಥ ದಿನದಲ್ಲಿ ಮೂರು ಮತ್ತು ಎಂಟರ ನಡುವಿನ ವ್ಯತ್ಯಾಸ ತಮಾಷೆಯಲ್ಲ. ಈಗ ಧ್ವನಿವರ್ಧಕದಲ್ಲಿ ಬಾರದ ಅಂಕಿಯನ್ನು ನಾನು ಮುಟ್ಟುವುದಿಲ್ಲ. ನಿಧಾನ ಎಂದು ಬೈಸಿಕೊಳ್ಳುತ್ತೇನೆ.

ಆ ಮುಖಭಂಗ ತೊಳೆದುಕೊಳ್ಳಲೆಂದೇ ನಾನು ಮಾಸ್ತರರ ಹಳೆಯ ಪ್ರಶ್ನೆಗೆ ಉತ್ತರ ಹುಡುಕಿ ಹೊರಟದ್ದು. ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ‘ನಮೂನೆ 20’ ಎಂಬ ಪಟ್ಟಿ ಸಿದ್ಧಪಡಿಸುತ್ತಾರೆ. ಪ್ರತಿ ಮತಗಟ್ಟೆಯಲ್ಲಿ ಪ್ರತಿ ಅಭ್ಯರ್ಥಿಗೆ ಬಿದ್ದ ಮತ ಅದರಲ್ಲಿ ಇರುತ್ತದೆ. ಅದು ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ನೋಡಬಹುದು. ಆದರೆ ಫಲಿತಾಂಶ ಬಂದ ಮೇಲೆ ಯಾವ ವರದಿಗಾರನೂ ಆ ಕಡೆ ತಿರುಗಿ ನೋಡುವುದಿಲ್ಲ. ನಾನು ಮೂರು ರಾತ್ರಿ ಕುಳಿತು ನಮ್ಮ ಸುತ್ತಲಿನ ಬೂತುಗಳನ್ನು ಹೆಕ್ಕಿ, ಶಾಲೆಯ ಹೆಸರಿನ ಮುಂದೆ ಕೇರಿ, ಮಜರೆಗಳ ಹೆಸರು ಸೇರಿಸಿ ಪಟ್ಟಿ ಮಾಡಿದೆ. ಅರ್ಧ ಪುಟ ಅಚ್ಚಾಯಿತು.

ನಾನು ಬರೆದದ್ದರಲ್ಲಿ ಜನ ಅಷ್ಟು ಓದಿದ್ದು ಇನ್ನೊಂದಿಲ್ಲ. ಚಹಾದಂಗಡಿಯಲ್ಲಿ ಪತ್ರಿಕೆ ಮೂರು ತುಂಡಾಗಿ ಮೂರು ಮೇಜಿಗೆ ಹೋಯಿತು. ಮಾಸ್ತರರು ತಮ್ಮ ಬೂತಿನ ಸಾಲನ್ನು ಬ್ಲೇಡಿನಿಂದ ಕತ್ತರಿಸಿ ಕನ್ನಡಕದ ಪೆಟ್ಟಿಗೆಯೊಳಗೆ ಇಟ್ಟುಕೊಂಡರು. ‘ನಮ್ಮ ಕೇರಿಯವರೆಲ್ಲ ಒಂದೇ ಕಡೆ ಎನ್ನುತ್ತಿದ್ದರಲ್ಲ, ನೋಡು’ ಎಂದು ಅವರು ಒಂದು ವಾರ ಎಲ್ಲರಿಗೂ ತೋರಿಸಿದರು. ನಾನು ಎಷ್ಟೋ ವರ್ಷ ಬರೆದ ಜಾತಿ ಲೆಕ್ಕ ಅರ್ಧದಷ್ಟು ಬೂತುಗಳಲ್ಲಿ ಸುಳ್ಳಾಗಿತ್ತು. ಅದನ್ನು ಕಂಡು ನನಗೆ ನಾಚಿಕೆಗಿಂತ ಖುಷಿಯೇ ಹೆಚ್ಚಾಯಿತು.

ಮಳೆಗಾಲ ಕಳೆದ ಮೇಲೆ ಒಳಗಿನ ಒಂದು ಮಜರೆಯಿಂದ ಫೋನ್ ಬಂತು. ಹೊಳೆ ಆಚೆಗಿನ ಸಣ್ಣ ಊರು. ಮನೆ ನಲವತ್ತು ಇರಬಹುದು. ಅವರ ಬೂತಿನಲ್ಲಿ ಒಬ್ಬ ಅಭ್ಯರ್ಥಿಗೆ ಬಿದ್ದ ಮತ ಕೈಬೆರಳಿನಲ್ಲಿ ಎಣಿಸುವಷ್ಟು. ಹೊಳೆ ದಾಟುವ ಕಾಲುಸಂಕದ ದುರಸ್ತಿಗೆ ಹೋಗಿ ಕೇಳಿದಾಗ ಆ ಅಭ್ಯರ್ಥಿಯ ಕಡೆಯ ಒಬ್ಬ ಸ್ಥಳೀಯ ಮುಖಂಡರು ನನ್ನ ಪಟ್ಟಿಯನ್ನೇ ತೆಗೆದು ತೋರಿಸಿದರಂತೆ. ‘ಇದೇ ಪೇಪರು ಸ್ವಾಮಿ, ನಿಮ್ಮ ಹೆಸರೂ ಇತ್ತು’ ಎಂದರು ಫೋನಿನಲ್ಲಿದ್ದವರು.

ಮತ ಗುಟ್ಟು ಎನ್ನುತ್ತೇವೆ. ಒಬ್ಬನ ಮತ ಗುಟ್ಟು, ನಲವತ್ತು ಮನೆಯ ಮತ ಬಯಲು. ಕಾಗದದ ಮತಪತ್ರ ಇದ್ದಾಗ ಚುನಾವಣಾ ಆಯೋಗ ಬೇಕೆಂದ ಕಡೆ ಹಲವು ಬೂತುಗಳ ಮತಪತ್ರಗಳನ್ನು ಬೆರೆಸಿ ಎಣಿಸಲು ಅವಕಾಶ ಇತ್ತು. ಯಂತ್ರ ಬಂದ ಮೇಲೆ ಒಂದೊಂದು ಬೂತು ಬೇರೆ ಬೇರೆಯಾಗಿ ಕಾಣುತ್ತದೆ. ಹಲವು ಯಂತ್ರಗಳ ಮತವನ್ನು ಒಟ್ಟುಗೂಡಿಸಿ ತೋರಿಸುವ ‘ಟೋಟಲೈಸರ್’ ಬಳಸಬೇಕು ಎಂದು ಚುನಾವಣಾ ಆಯೋಗ 2008ರಲ್ಲಿಯೇ ಸೂಚಿಸಿತ್ತು. ಕಾನೂನು ಆಯೋಗವೂ 2015ರ ತನ್ನ 255ನೇ ವರದಿಯಲ್ಲಿ ಅದನ್ನೇ ಹೇಳಿತು. ಆಗಿಲ್ಲ. ಇದನ್ನೆಲ್ಲ ನಾನು ತಿಳಿದದ್ದು ಆ ಫೋನ್ ಬಂದ ಮೇಲೆ. ಪಟ್ಟಿ ನಾನು ಹಾಕದಿದ್ದರೂ ಆ ಮುಖಂಡರಿಗೆ ಸಿಗುತ್ತಿತ್ತು. ನಿಜ. ಆದರೆ ಶಾಲೆಯ ಹೆಸರಿನ ಮುಂದೆ ಮಜರೆಯ ಹೆಸರನ್ನು ಬರೆದು ಕೊಟ್ಟದ್ದು ನಾನು.

ಕಾಲುಸಂಕದ ಬಗ್ಗೆ ಎರಡು ಸಲ ಬರೆದೆ. ಎರಡನೆಯದಕ್ಕೆ ಫಲ ಸಿಕ್ಕಿತು, ಅಡಿಕೆ ಮರದ ಬದಲು ಕಬ್ಬಿಣದ ಸಂಕ ಬಂತು.

2024ರ ಲೋಕಸಭೆಯ ಎಣಿಕೆ ಮುಗಿದ ಮರುದಿನ ಮಾಸ್ತರರು ನನಗಿಂತ ಮೊದಲು ಬಂದು ಕುಳಿತಿದ್ದರು. ಕನ್ನಡಕದ ಪೆಟ್ಟಿಗೆ ತೆರೆದು ಹಳೆಯ ತುಂಡನ್ನು ಮೇಜಿನ ಮೇಲೆ ಇಟ್ಟಿದ್ದರು. ‘ಹೊಸದು ಯಾವಾಗ ಹಾಕುತ್ತೀ?’ ಎಂದು ಕೇಳಿದರು. ಅಷ್ಟರಲ್ಲಿ ನನ್ನ ಮೊಬೈಲ್ ಸದ್ದು ಮಾಡಿತು. ಹೊಳೆ ಆಚೆಯ ಮಜರೆಯವರು. ‘ಈ ಸಲ ನಮ್ಮ ಬೂತು ಬಿಟ್ಟುಬಿಡಿ ಸ್ವಾಮಿ’ ಎಂದರು. ಆಗಲಿ ಎಂದೆ. ಮಾಸ್ತರರು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಇನ್ನೊಂದು ಚಹಾ ಹೇಳಿದೆ.