ಗುಮ್ಮನಿಗೆ ಮುದ್ದೆ ನುಂಗಲು ಕಲಿಸಿದ್ದು

ಗೌರಿಬಿದನೂರಿನ ಹತ್ತಿರ ರೇಡಿಯೊ ದೂರದರ್ಶಕ ಇದೆ. 1976ರಿಂದ ಅಲ್ಲಿನ ಆಂಟೆನಾಗಳು ಸೂರ್ಯನಿಂದ, ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿಯುತ್ತಿವೆ. ಬಯಲಿನಲ್ಲಿ ಸಾಲು ಸಾಲು ಕಂಬ, ತಂತಿ. ಚಿಕ್ಕವನಿದ್ದಾಗ ಅದನ್ನು ನೋಡಿದಾಗೆಲ್ಲ, ಇಷ್ಟು ಕಿವಿ ಇಟ್ಟುಕೊಂಡು ಕೂತಿದ್ದೀವಲ್ಲ, ಯಾರಾದರೂ ಇಳಿದು ಬಂದೇ ಬರ್ತಾರೆ ಅನ್ನಿಸುತ್ತಿತ್ತು. ನನ್ನ ಮೂರು ನಿಮಿಷದ ಅನಿಮೇಷನ್ ಚಿತ್ರ ಹುಟ್ಟಿದ್ದು ಅಲ್ಲಿಂದಲೇ. ಆ ಬಯಲಿಗೆ ಇಳಿದ ಏಲಿಯನ್‌ಗೆ ಪುಟ್ಟಿ ಅನ್ನೋ ಹುಡುಗಿ ಸಿಗುತ್ತಾಳೆ. ಊಟ ಮಾಡದಿದ್ದರೆ ಗುಮ್ಮ ಬರ್ತಾನೆ ಅಂತ ಅಮ್ಮ ಅವಳನ್ನು ಹೆದರಿಸಿರುತ್ತಾಳೆ. ಹಾಗಾಗಿ ಅವನ ಹೆಸರು ಗುಮ್ಮ.

ಮಾಡಿದ್ದು ಸ್ಟಾಪ್ ಮೋಷನ್. ಬೊಂಬೆಯನ್ನು ಒಂದು ಚೂರು ಅಲುಗಿಸಿ ಒಂದು ಫೋಟೊ, ಮತ್ತೆ ಅಲುಗಿಸಿ ಇನ್ನೊಂದು. ಸೆಕೆಂಡಿಗೆ 12 ಫೋಟೊ, ಮೂರು ನಿಮಿಷಕ್ಕೆ 2,160. ಮೊಬೈಲ್, ಟ್ರೈಪಾಡ್, ಎರಡು ಎಲ್‌ಇಡಿ ಬಲ್ಬು, ಇಷ್ಟೇ ಸಾಮಾನು. ಹಗಲಲ್ಲಿ ತೆಗೆದರೆ ಕಿಟಕಿಯ ಬೆಳಕು ಏರಿಳಿದು ಚಿತ್ರ ಮಿಣುಕುತ್ತದೆ. ಅದಕ್ಕೆ ರಾತ್ರಿ, ಕಿಟಕಿಗೆ ಕಂಬಳಿ ಕಟ್ಟಿ ಕೂರುತ್ತಿದ್ದೆ. ಮೊಬೈಲಿನ ಫೋಕಸ್, ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಲೇಬೇಕು. ಬಿಳಿ ಅಂಗಿ ಹಾಕಿಕೊಂಡರೆ ಅದರ ಬೆಳಕೂ ಬೊಂಬೆ ಮೇಲೆ ಬೀಳುತ್ತದೆ.

ಮೊದಲು ಕೆರೆ ಮಣ್ಣು ತಂದೆ. ಎರಡೇ ದಿನಕ್ಕೆ ಒಣಗಿ ಬಿರುಕು ಬಿಟ್ಟಿತು. ಅಂಗಡಿಯ ಎಣ್ಣೆ ಕ್ಲೇ ಒಣಗುವುದಿಲ್ಲ, ಆದರೆ ಏಪ್ರಿಲ್ ಸೆಕೆಗೆ ಮೆತ್ತಗಾಗಿ ಗುಮ್ಮನ ಉದ್ದ ಕತ್ತು ಎದೆ ಮೇಲೆ ಬಿತ್ತು. ಒಳಗೆ ಅಲ್ಯೂಮಿನಿಯಂ ತಂತಿ ಎರಡೆಳೆ ಹೊಸೆದು ಹಾಕಿದ ಮೇಲೆ ನಿಂತಿತು.

ಮೊದಲು ಬರೆದ ಕತೆಯಲ್ಲಿ ಗುಮ್ಮ ಕನ್ನಡ ಮಾತಾಡುತ್ತಿದ್ದ. ಆ, ಈ, ಊ, ಓ, ತುಟಿ ಮುಚ್ಚುವ ಪ, ಬ, ಮ ಅಂತ ಬೇರೆ ಬೇರೆ ಬಾಯಿ ಮಾಡಿಟ್ಟಿದ್ದೆ. ಅಕ್ಕನ ಮಗಳು ನೋಡಿ, “ಮಾವ, ಆಕಾಶದಿಂದ ಬಂದೋನ್ಗೆ ಕನ್ನಡ ಹೆಂಗ್ ಬರ್ತೈತೆ?” ಅಂದಳು. ನಿಜ ಅಲ್ವಾ? ನಮ್ಮ ಕಡೆ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಆಡಿಕೊಂಡು ಬೆಳೆದು, ಒಂದನೇ ಕ್ಲಾಸಿಗೆ ಬಂದಾಗ ಕನ್ನಡ ಬರದೆ ಸುಮ್ನೆ ಕೂತಿರುತ್ತವೆ. ನಾನೂ ಹಾಗೇ ಕೂತವನು. ಮಧ್ಯಾಹ್ನ ಒಬ್ಬ ಲಗೋರಿ ಆಡಲು ಕೈ ಹಿಡಿದು ಎಳೆದ. ಸಂಜೆಗೆ ಅವನೇ ಗೆಳೆಯ. ಗುಮ್ಮನ ಮಾತೆಲ್ಲ ತೆಗೆದು ಹಾಕಿದೆ. ಒಂದೇ ಬಾಯಿ ಉಳಿಸಿ, ಮಿಕ್ಕವನ್ನು ಉಂಡೆ ಕಟ್ಟಿ ಡಬ್ಬಿಗೆ ಹಾಕಿದೆ. ಪುಟ್ಟಿ ಮಾಡಿದ್ದನ್ನು ಅವನು ನೋಡಿ ಮಾಡಬೇಕು, ಅಷ್ಟೇ.

ಹಾಗೆ ಬಂದದ್ದು ಮುದ್ದೆಯ ದೃಶ್ಯ. ಪುಟ್ಟಿ ತುತ್ತು ಮುರಿದು, ಸಾರಿಗೆ ಅದ್ದಿ, ಗುಳುಕ್ ಅಂತ ನುಂಗುತ್ತಾಳೆ. ಗುಮ್ಮ ಅಗಿಯುತ್ತಾನೆ. ಹಲ್ಲಿಗೆಲ್ಲ ಮೆತ್ತಿಕೊಳ್ಳುತ್ತದೆ. ಅವಳು ತಲೆ ಅಲ್ಲಾಡಿಸಿ, ಗಂಟಲು ಮುಟ್ಟಿ ತೋರಿಸಿ, ಇನ್ನೊಂದು ತುತ್ತು ನುಂಗುತ್ತಾಳೆ. ಈ ಸಲ ಅವನೂ ನುಂಗುತ್ತಾನೆ. ಆ ತುತ್ತು ಉದ್ದ ಕತ್ತಿನಲ್ಲಿ ಉಬ್ಬಾಗಿ ಇಳಿಯುವುದು ಕಾಣಬೇಕು. ಒಂದೂವರೆ ಸೆಕೆಂಡು, 18 ಫೋಟೊ. ಪ್ರತಿ ಸಲವೂ ಮೇಲಿನ ಉಬ್ಬನ್ನು ಬೆರಳಲ್ಲಿ ಸವರಿ, ಅದರ ಕೆಳಗೆ ಬಟಾಣಿ ಕಾಳಿನಷ್ಟು ಕ್ಲೇ ಅಂಟಿಸಬೇಕು. ಕತ್ತು ಮಾತ್ರ ಅಲುಗಬಾರದು. ಎರಡು ರಾತ್ರಿ ಹಿಡಿಯಿತು. ಮೊದಲ ಸಲ ಉಬ್ಬು ಒಂದೇ ವೇಗದಲ್ಲಿ ಇಳಿದು, ಲಿಫ್ಟು ಇಳಿದ ಹಾಗಿತ್ತು. ಮೇಲೆ ಸ್ವಲ್ಪ ತಡೆದು, ನಡುವೆ ಜಾರಿಸಿ, ಕೆಳಗೆ ನಿಧಾನ ಮಾಡಿದ ಮೇಲೆ ನುಂಗಿದ ಹಾಗಾಯಿತು. ನಿಜವಾದ ಮುದ್ದೆ ಇಟ್ಟರೆ ಬೇಗ ಮೇಲ್ಪದರ ಒಣಗುತ್ತದೆ. ತಟ್ಟೆಯಲ್ಲಿದ್ದದ್ದೂ ಕ್ಲೇ, ಹೊಳಪಿಗೆ ಒಂದು ಹನಿ ಕೊಬ್ಬರಿ ಎಣ್ಣೆ.

ಕೊನೆಗೆ ಗುಮ್ಮ ಹೊರಡುತ್ತಾನೆ. ಟಾಟಾ ಮಾಡಿಸೋಣ ಅಂದುಕೊಂಡಿದ್ದೆ, ಬೇಡ ಅನ್ನಿಸಿತು. ಆಂಟೆನಾ ಸಾಲಿನ ಹತ್ತಿರ ನಿಂತು ತಿರುಗಿ ನೋಡಿ, ಗಂಟಲು ಮುಟ್ಟಿಕೊಂಡು, ಬಾಯಲ್ಲಿ ಏನೂ ಇಲ್ಲದೆ ಒಮ್ಮೆ ನುಂಗಿ ತೋರಿಸುತ್ತಾನೆ. ಶಾಲೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿದ ದಿನ ನಾನು ಚಿತ್ರ ನೋಡಲಿಲ್ಲ, ಮಕ್ಕಳ ಮುಖ ನೋಡುತ್ತಾ ನಿಂತಿದ್ದೆ. ಆ ಜಾಗ ಬಂದಾಗ ಮುಂದೆ ಕೂತಿದ್ದ ಒಬ್ಬ ಹುಡುಗ ತಾನೂ ಗಂಟಲು ಮುಟ್ಟಿಕೊಂಡ.