ಆರಿದ್ರಾ ಮಂಕಾದ ಆ ಚಳಿಗಾಲ

2019ರ ಡಿಸೆಂಬರ್ ಕೊನೆಯಲ್ಲಿ ಪೇಪರ್‌ನಲ್ಲಿ ಒಂದು ಸುದ್ದಿ ಓದಿದೆ. ಆರಿದ್ರಾ ನಕ್ಷತ್ರ ಮಂಕಾಗುತ್ತಿದೆ ಅಂತ. ಆರಿದ್ರಾ ಮಳೆ ಅಂತೀವಲ್ವಾ, ಅದೇ ಹೆಸರಿನ ನಕ್ಷತ್ರ. ಬೀಟಲ್‌ಜ್ಯೂಸ್ ಅಂತಲೂ ಕರೆಯುತ್ತಾರೆ. ಮಹಾವ್ಯಾಧ, ಅಂದರೆ ಓರಿಯನ್ ನಕ್ಷತ್ರಪುಂಜದ ಬೇಟೆಗಾರ, ಅವನ ಹೆಗಲಲ್ಲಿ ಕೆಂಪಗಿರುತ್ತದೆ.

ಮಂಕಾಯಿತು ಅಂದರೆ ಎಷ್ಟು? ನನ್ನನ್ನು ಕೊರೆದದ್ದು ಆ ಪ್ರಶ್ನೆ. ತ್ಯಾಗರಾಜನಗರದ ನಮ್ಮ ತಾರಸಿಯಿಂದಲೇ ಅಳೆಯೋಣ ಅಂದುಕೊಂಡೆ. ದೂರದರ್ಶಕ ಇರಲಿಲ್ಲ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಎರಡು ಕಣ್ಣು, ಅಷ್ಟೇ.

ನಕ್ಷತ್ರದ ಹೊಳಪನ್ನು ಹೇಳುವ ಅಂಕಿಗೆ ಕಾಂತಿಮಾನ ಅನ್ನುತ್ತಾರೆ. ಅಂಕಿ ಚಿಕ್ಕದಾದಷ್ಟೂ ಹೊಳಪು ಜಾಸ್ತಿ. ಇದು ಮೊದಲು ಎಲ್ಲರನ್ನೂ ಗೊಂದಲ ಮಾಡುತ್ತದೆ. ಹಳೆಯ ಕಾಲದಲ್ಲಿ ತುಂಬಾ ಹೊಳೆಯುವ ನಕ್ಷತ್ರಗಳನ್ನು ಒಂದನೇ ದರ್ಜೆ, ಕಣ್ಣಿಗೆ ಕಂಡೂ ಕಾಣದವನ್ನು ಆರನೇ ದರ್ಜೆ ಅಂತ ವಿಂಗಡಿಸಿದ್ದರು. 1856ರಲ್ಲಿ ಇಂಗ್ಲೆಂಡಿನ ಖಗೋಳಶಾಸ್ತ್ರಜ್ಞ ನಾರ್ಮನ್ ಪೋಗ್ಸನ್ ಅದಕ್ಕೆ ಒಂದು ಲೆಕ್ಕ ಕೊಟ್ಟರು. ಐದು ಅಂಕಿ ವ್ಯತ್ಯಾಸ ಇದ್ದರೆ ಬೆಳಕು ನೂರು ಪಟ್ಟು ವ್ಯತ್ಯಾಸ. ಅಂದರೆ ಒಂದು ಅಂಕಿಗೆ ಸುಮಾರು 2.5 ಪಟ್ಟು. ಇದೇ ಪೋಗ್ಸನ್ 1861ರಿಂದ ಸಾಯುವವರೆಗೆ ಮದ್ರಾಸ್ ವೀಕ್ಷಣಾಲಯದಲ್ಲಿ ಕೆಲಸ ಮಾಡಿದರು. ಇಡೀ ಜಗತ್ತು ಬಳಸುವ ಲೆಕ್ಕ ಹಾಕಿದವರು ನಮ್ಮ ಪಕ್ಕದ ಊರಲ್ಲೇ ಮೂವತ್ತು ವರ್ಷ ಆಕಾಶ ನೋಡಿದ್ದಾರೆ ಅಂತ ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಕಣ್ಣು ಬೆಳಕನ್ನು ಎಣಿಸಲಾರದು. ಆದರೆ ಎರಡರಲ್ಲಿ ಯಾವುದು ಜಾಸ್ತಿ ಅಂತ ಚೆನ್ನಾಗಿ ಹೇಳುತ್ತದೆ. ಹಾಗಾಗಿ ಕಾಂತಿಮಾನ ಗೊತ್ತಿರುವ ನಕ್ಷತ್ರಗಳನ್ನು ತೂಕದ ಬಟ್ಟುಗಳ ಹಾಗೆ ಇಟ್ಟುಕೊಂಡೆ. ಪ್ರೋಸಿಯಾನ್ 0.4, ರೋಹಿಣಿ 0.9, ಪುನರ್ವಸು ಜೋಡಿಯಲ್ಲಿ ಹೆಚ್ಚು ಹೊಳೆಯುವ ಪೊಲಕ್ಸ್ 1.1, ಮಹಾವ್ಯಾಧನ ಇನ್ನೊಂದು ಹೆಗಲಿನ ಬೆಲ್ಲಾಟ್ರಿಕ್ಸ್ 1.6. ರೋಹಿಣಿಯೂ ಕೆಂಪು ಛಾಯೆಯದು, ಆದ್ದರಿಂದ ಹೋಲಿಕೆ ಸುಲಭ.

ಮೊದಲ ವಾರ ಸಂಜೆ ಏಳಕ್ಕೇ ನೋಡುತ್ತಿದ್ದೆ. ಅದು ತಪ್ಪಾಗಿತ್ತು. ಆ ಹೊತ್ತಿಗೆ ರೋಹಿಣಿ ಮೇಲೇರಿರುತ್ತದೆ, ಆರಿದ್ರಾ ಇನ್ನೂ ಪೂರ್ವದಲ್ಲಿ ಕೆಳಗಿರುತ್ತದೆ. ಕೆಳಗಿರುವ ನಕ್ಷತ್ರದ ಬೆಳಕು ಹೆಚ್ಚು ಗಾಳಿ, ಹೆಚ್ಚು ಧೂಳು ದಾಟಿ ಬರಬೇಕು. ಬೆಂಗಳೂರಿನ ಧೂಳು ಅಂದ ಮೇಲೆ ಕೇಳಬೇಕಾ. ನಕ್ಷತ್ರ ಇರುವುದಕ್ಕಿಂತ ಮಂಕಾಗಿ ಕಾಣುತ್ತದೆ. ಆ ವಾರದ ಅಂಕಿಗಳನ್ನೆಲ್ಲ ಅಡ್ಡಗೆರೆ ಎಳೆದು ಬಿಟ್ಟೆ. ಆಮೇಲೆ ಒಂಬತ್ತೂವರೆಗೆ, ಎರಡೂ ಮೇಲಿರುವಾಗ, ನೋಡತೊಡಗಿದೆ.

ಬೀದಿದೀಪ ನೇರ ಕಣ್ಣಿಗೆ ಹೊಡೆಯುತ್ತಿತ್ತು. ನೀರಿನ ಟ್ಯಾಂಕ್‌ನ ನೆರಳಿಗೆ ಹೋಗಿ ಕಾಲು ಗಂಟೆ ಸುಮ್ನೆ ನಿಂತರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ. ಮೊಬೈಲ್ ಮುಟ್ಟುವಂತಿಲ್ಲ. ಇನ್ನೊಂದು ಉಪಾಯ ಕಲಿತೆ. ನನಗೆ ದೂರದ್ದು ಕಾಣಲ್ಲ. ಕನ್ನಡಕ ತೆಗೆದರೆ ಚುಕ್ಕಿಗಳು ಹರಡಿ ಸಣ್ಣ ಬಿಲ್ಲೆಗಳಾಗುತ್ತವೆ. ಚುಕ್ಕಿಗಿಂತ ಬಿಲ್ಲೆಗಳನ್ನು ಹೋಲಿಸುವುದು ಎಷ್ಟೋ ಸುಲಭ. ಆದರೆ ಕೆಂಪು ನಕ್ಷತ್ರವನ್ನು ದಿಟ್ಟಿಸಬಾರದು. ದಿಟ್ಟಿಸಿದಷ್ಟೂ ಅದು ಹೆಚ್ಚು ಬೆಳಗಿದಂತೆ ಕಾಣುತ್ತದೆ. ಬೇಗ ಬೇಗ ಅದನ್ನೊಮ್ಮೆ, ಇದನ್ನೊಮ್ಮೆ ನೋಡಬೇಕು.

ಜನವರಿ ಮಧ್ಯದ ಒಂದು ರಾತ್ರಿ ಅದು ರೋಹಿಣಿಗಿಂತ ಸ್ಪಷ್ಟವಾಗಿ ಮಂಕು, ಬೆಲ್ಲಾಟ್ರಿಕ್ಸ್‌ಗಿಂತ ಚೂರೇ ಚೂರು ಜಾಸ್ತಿ. ಇವೆರಡರ ನಡುವಿನ ಅಂತರ 0.7. ಅದನ್ನು ಏಳು ಪಾಲು ಮಾಡಿದರೆ ಆರು ಪಾಲು ಕೆಳಗೆ ಅನ್ನಿಸಿತು. 1.5 ಅಂತ ಬರೆದೆ.

ಆದರೆ ನನಗೇ ಅನುಮಾನ. ಮಂಕಾಗಿದೆ ಅಂತ ಓದಿಕೊಂಡೇ ಹತ್ತಿದ್ದೆ. ಮನಸ್ಸು ಓದಿದ್ದನ್ನೇ ಕಣ್ಣಿಗೆ ತೋರಿಸಿಬಿಡುತ್ತದೆ. ಮರುದಿನ ಎಂಟನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಹೋದೆ. ನನ್ನ ಅಂಕಿ ಹೇಳಲಿಲ್ಲ. "ಅಪ್ಪಾ, ಇದು ಆ ಪಕ್ಕದ್ದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ," ಅಂದಳು. ಅವಳು ಬೇರೆ ಹಾಳೆಯಲ್ಲಿ 1.4 ಬರೆದಳು. ಬರಿಗಣ್ಣಿಗೆ 0.1, 0.2 ವ್ಯತ್ಯಾಸ ಸಹಜ. ಅಂದಿನಿಂದ ಇಬ್ಬರೂ ಬೇರೆ ಬೇರೆ ಬರೆದು ಕೊನೆಗೆ ತೋರಿಸಿಕೊಳ್ಳುತ್ತಿದ್ದೆವು.

ಒಂದು ರಾತ್ರಿ ಅವಳು ಲುಬ್ಧಕವನ್ನು (ಸಿರಿಯಸ್) ತೋರಿಸಿ, ಅದೇ ಎಲ್ಲಕ್ಕಿಂತ ದೊಡ್ಡ ನಕ್ಷತ್ರ ಅಲ್ವಾ ಅಂದಳು. ಅದರ ಕಾಂತಿಮಾನ -1.46. ಆದರೆ ಅದು 8.6 ಜ್ಯೋತಿರ್ವರ್ಷದಲ್ಲೇ ಇದೆ, ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ. ಸೂರ್ಯನ ಸುಮಾರು 25 ಪಟ್ಟು ಬೆಳಕು ಸೂಸುತ್ತದೆ. ಆರಿದ್ರಾ ಸೂಸುವುದು ಹತ್ತಾರು ಸಾವಿರ ಪಟ್ಟು, ಆದರೆ ನೂರಾರು ಜ್ಯೋತಿರ್ವರ್ಷ ದೂರ. ದೂರ ಎರಡು ಪಟ್ಟಾದರೆ ನಮಗೆ ತಲುಪುವ ಬೆಳಕು ಕಾಲು ಭಾಗ. ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು. ಹಾಗಾಗಿ ಸೂಸುವ ಬೆಳಕನ್ನೇ ಹೋಲಿಸಬೇಕಾದಾಗ ಎಲ್ಲ ನಕ್ಷತ್ರಗಳನ್ನೂ 32.6 ಜ್ಯೋತಿರ್ವರ್ಷದಲ್ಲಿ ಇಟ್ಟಂತೆ ಲೆಕ್ಕ ಹಾಕುತ್ತಾರೆ. ಅಲ್ಲಿಟ್ಟರೆ ನಮ್ಮ ಸೂರ್ಯನ ಕಾಂತಿಮಾನ 4.8. ನಮ್ಮ ತಾರಸಿಯಿಂದ ಕಷ್ಟಪಟ್ಟು ಹುಡುಕಬೇಕಾದಷ್ಟು ಮಂಕು. ಅವಳು ಅದನ್ನು ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಫೆಬ್ರವರಿ ಎರಡನೇ ವಾರ ಅದು ಬೆಲ್ಲಾಟ್ರಿಕ್ಸ್‌ಗೆ ಸಮವಾಯಿತು, 1.6. ಮಾಮೂಲಿ 0.5ರ ಆಸುಪಾಸಿನಲ್ಲಿರುವ ನಕ್ಷತ್ರ. 1.1 ಅಂಕಿ ಇಳಿದಿತ್ತು, ಅಂದರೆ ಬೆಳಕು ಮೂರರಲ್ಲಿ ಒಂದು ಪಾಲಿಗಿಂತ ಚೂರು ಜಾಸ್ತಿ ಮಾತ್ರ ಉಳಿದಿತ್ತು. ಅದೂ ನಮ್ಮ ಕಣ್ಣಿಗೆ ಕಾಣುವ ಬೆಳಕಿನಲ್ಲಿ. ನಮ್ಮ ಕಣ್ಣು ಹಸಿರು-ಹಳದಿಗೆ ಚುರುಕು. ಆರಿದ್ರಾ ಹೆಚ್ಚು ಸೂಸುವುದು ಕಣ್ಣಿಗೆ ಕಾಣದ ಅವಕೆಂಪಿನಲ್ಲಿ, ಅಲ್ಲಿ ಇಳಿಕೆ ತುಂಬಾ ಕಡಿಮೆ ಇತ್ತು. ನಕ್ಷತ್ರ ತಾನೇ ಉಗುಳಿದ ಅನಿಲ ತಣಿದು ಧೂಳಾಗಿ ಅಡ್ಡ ಬಂದಿತ್ತು ಅಂತ ಆಮೇಲೆ ಓದಿ ತಿಳಿದೆ. ಯಾವ ಬಣ್ಣದ ಬೆಳಕಿನಲ್ಲಿ ಅಳೆದದ್ದು ಅಂತ ಹೇಳದೆ ಹೊಳಪಿನ ಅಂಕಿ ಕೊಟ್ಟರೆ ಅದು ಅರ್ಧ ಮಾತು ಅಂತ ನನಗೆ ಅರ್ಥವಾದದ್ದು ಆಗಲೇ.

ಮಾರ್ಚ್‌ನಿಂದ ಅದು ಏರತೊಡಗಿತು. ಲಾಕ್‌ಡೌನ್‌ನಲ್ಲಿ ರಸ್ತೆ ಖಾಲಿ, ಆಕಾಶ ತಿಳಿ. ಏಪ್ರಿಲ್ ಕೊನೆಗೆ ಪ್ರೋಸಿಯಾನ್ ಪಕ್ಕ ಇಟ್ಟು ನೋಡಿದರೆ 0.5ರ ಹತ್ತಿರ. ಮೇ ಬಂದ ಮೇಲೆ ಪಡುವಣದ ಮನೆಗಳ ಹಿಂದೆ ಇಳಿದುಹೋಯಿತು. ಜೂನ್ ಕೊನೆಗೆ, ಆರಿದ್ರಾ ಮಳೆ ಹೊತ್ತಿಗೆ, ಸೂರ್ಯನೇ ಅದರ ಹತ್ತಿರ ಇರುತ್ತಾನೆ. ನೋಟ್‌ಬುಕ್‌ನಲ್ಲಿ ಆ ತಿಂಗಳುಗಳ ಹಾಳೆ ಪ್ರತಿ ವರ್ಷವೂ ಖಾಲಿ.